ಯಾರೂ ಇಲ್ಲದವನ ತಂಗಿ

ಚರ್ಚಿನಲ್ಲಿ ಪೂಜೆ ಮುಗಿದು ಜನರೆಲ್ಲ ಹೊರಟ ಮೇಲೆ ಮೇಣದಕ್ಕನ ಕೆಲಸ ಶುರುವಾಗುತ್ತಿತ್ತು. ಒಂದು ಕೈಯಲ್ಲಿ ಮೊಂಡು ಚೂರಿ, ಇನ್ನೊಂದರಲ್ಲಿ ತಗಡಿನ ಡಬ್ಬಿ ಹಿಡಿದು ಬತ್ತಿಕಂಬಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಕರಗಿ ಹೆಪ್ಪುಗಟ್ಟಿದ ಮೇಣವನ್ನೆಲ್ಲ ಕೆರೆದು ತುಂಬಿಕೊಳ್ಳುವಳು. ಚರ್ಚಿನ ಹಿಂದಿನ ಸಣ್ಣ ಕೋಣೆಯಲ್ಲಿ ಅದನ್ನು ಕಾಯಿಸಿ, ಹಳೇ ಬಟ್ಟೆಯಲ್ಲಿ ಸೋಸಿ, ಸುಟ್ಟ ಬತ್ತಿಯ ಕರಿ, ಸತ್ತ ಹುಳ, ಯಾರದೋ ತಲೆಗೂದಲು ಎಲ್ಲ ತೆಗೆದು, ನಡುವೆ ನೂಲು ಕಟ್ಟಿದ ತಗಡಿನ ಕೊಳವೆಗಳಿಗೆ ಹೊಯ್ದು, ತಣ್ಣೀರಿನ ಬಕೆಟ್ಟಿನಲ್ಲಿ ನಿಲ್ಲಿಸುವಳು. ಉಳ್ಳವರು ಹಚ್ಚಿದ ಮೊಳದುದ್ದದ ಬತ್ತಿಗಳು ಹೀಗೆ ಕಿರುಬೆರಳಿನಷ್ಟಾಗಿ, ಬತ್ತಿ ತರಲು ಕೈಲಾಗದವರಿಗೆಂದು ಬಾಗಿಲ ಬಳಿಯ ಪೆಟ್ಟಿಗೆಯಲ್ಲಿ ಬಂದು ಕೂರುತ್ತಿದ್ದವು. ಬಿಸಿ ಮೇಣ ಬಿದ್ದೂ ಬಿದ್ದೂ ಅವಳ ಬೆರಳ ತುದಿಗಳು ಜಡ್ಡುಗಟ್ಟಿದ್ದವು. ಕುದಿಯುವ ಪಾತ್ರೆಯನ್ನು ಬರಿಗೈಯಲ್ಲೇ ಒಲೆಯಿಂದ ಇಳಿಸಿಬಿಡುತ್ತಿದ್ದಳು. "ನನ್ನ ಹೆಂಡ್ತಿ ಕಂಡ್ರೆ ಬೆಂಕಿಗೂ ಭಯ, ಇನ್ನು ನಾನ್ಯಾವ ಲೆಕ್ಕ" ಎಂದು ಗಂಡ ಬಂದವರ ಮುಂದೆಲ್ಲ ಹೇಳಿಕೊಂಡು ನಗುವನು.

ಅವಳಿಗೆ ತಾಯಿ ತಂದೆ ಯಾರೆಂದು ಗೊತ್ತಿರಲಿಲ್ಲ. ಬೆಳೆದದ್ದು ಅನಾಥಾಲಯದಲ್ಲಿ. ಅಲ್ಲಿ ಹುಡುಗಿಯರೆಲ್ಲ ಒಬ್ಬರಿಗೊಬ್ಬರು ಅಕ್ಕತಂಗಿಯರು, ಹೆಸರಿಗೆ ಮಾತ್ರ. ಮದುವೆಯಾದ ಮೇಲೆ ಒಬ್ಬೊಬ್ಬಳು ಒಂದೊಂದು ದಿಕ್ಕು. ಇವಳ ಪಾಲಿಗೆ ಬಂದವನು ಬೀಗ ರಿಪೇರಿ ಮಾಡುವವನು. ಕುಡುಕನಲ್ಲ, ಕೈ ಎತ್ತುವವನಲ್ಲ, ಬಾಯಿ ಮಾತ್ರ ಜೋರು. ದೇವರನ್ನು ನಂಬುತ್ತಿದ್ದ, ದೇವರ ಕಡೆಯವರನ್ನು ನಂಬುತ್ತಿರಲಿಲ್ಲ. ಮಕ್ಕಳಾಗಲಿಲ್ಲ. ನೆರೆಮನೆಯ ಹೆಂಗಸರು ಗಂಡನ ಜೊತೆ ಜಗಳಕ್ಕೆ ಬಿದ್ದಾಗ "ನಮ್ಮಣ್ಣನಿಗೆ ಹೇಳ್ತೀನಿ ನೋಡಿ" ಎಂದು ಹೆದರಿಸುವುದನ್ನು ಅವಳು ಗೋಡೆಯಾಚೆಯಿಂದ ಕೇಳಿಸಿಕೊಳ್ಳುತ್ತಿದ್ದಳು. ಅವಳಿಗೆ ಹಾಗೆ ಹೆದರಿಸಲು ಯಾರೂ ಇರಲಿಲ್ಲ. ಮಕ್ಕಳಿಲ್ಲದ ಕೊರಗಿಗೆ ಜನ ಸಮಾಧಾನ ಹೇಳುತ್ತಾರೆ. ಅಣ್ಣನಿಲ್ಲದ ಕೊರಗನ್ನು ಯಾರ ಮುಂದೆ ಹೇಳಿಕೊಂಡರೂ ನಗುತ್ತಾರೆ. ಹಾಗಾಗಿ ಅವಳು ಯಾರಿಗೂ ಹೇಳಿರಲಿಲ್ಲ.

ಚರ್ಚಿನ ಮೆಟ್ಟಿಲ ಮೂಲೆಯಲ್ಲಿ ಬೂಟಿಗೆ ಪಾಲಿಶ್ ಹಾಕುತ್ತ ಒಬ್ಬ ಮುದುಕ ಕೂರುತ್ತಿದ್ದ. ಊರಿಗೆಲ್ಲ ಅವನು ಪಾಲಿಶ್, ಅಷ್ಟೇ. ಅವನು ಯಾವ ದೇವರಿಗೆ ಸೇರಿದವನೆಂದು ಯಾರೂ ಕೇಳಿರಲಿಲ್ಲ. ಅವನು ಅಲ್ಲಿ ಕೂತದ್ದು ದೇವರನ್ನು ನೋಡಿ ಅಲ್ಲ, ನೆರಳನ್ನು ನೋಡಿ. ಹಗಲು ಅಲ್ಲೇ ದುಡಿಮೆ, ಕತ್ತಲಾದರೆ ಅಲ್ಲೇ ಹಾಸಿಗೆ. ಮೈಯೆಲ್ಲ ಸೊರಗಿದ್ದರೂ ನಾಲಿಗೆಗೆ ಮಾತ್ರ ಮುಪ್ಪು ಬಂದಿರಲಿಲ್ಲ.

"ಮೇಣದಕ್ಕಾ, ನಿನ್ನ ಸ್ವಾಮಿಗೆ ಇಷ್ಟೊಂದು ಬತ್ತಿ ಯಾಕೆ? ಕಣ್ಣು ಕಾಣೋದಿಲ್ವಾ?" ಎಂದು ಅವನು ಕೆಣಕುವನು.

"ನಿನ್ನಂಥೋರನ್ನ ಹುಡುಕ್ಬೇಕಲ್ಲ, ಅದಕ್ಕೆ" ಎಂದು ಅವಳು ಉತ್ತರ ಕೊಟ್ಟು ಒಳಗೆ ಹೋಗುವಳು. ಇಷ್ಟೇ ಅವರಿಬ್ಬರ ಒಡನಾಟ. ಮಿಕ್ಕಿದ ಅನ್ನವಿದ್ದರೆ ತಂದುಕೊಡುವಳು. ಅವನು ಥ್ಯಾಂಕ್ಸ್ ಎನ್ನುವ ಬದಲು ಉಪ್ಪು ಸಾಲದು ಎನ್ನುವನು.

ಸಕ್ಕರೆ ಕಾಯಿಲೆ ಅವನ ಹಿಮ್ಮಡಿಯಿಂದ ಶುರು ಮಾಡಿತು. ಮೊದಲು ಒಂದು ಬಿರುಕು, ಆಮೇಲೆ ಹುಣ್ಣು, ಆಮೇಲೆ ನಾತ. ಜನ ಮೆಟ್ಟಿಲಿನ ಆ ಬದಿಯನ್ನು ಬಿಟ್ಟು ಈ ಬದಿಯಿಂದ ಹತ್ತತೊಡಗಿದರು. ಒಳಗೆ ಫಾದರ್ ಕರುಣೆಯ ಮೇಲೆ ಮಾಡಿದ ಪ್ರಸಂಗ ಕೇಳಿ ಕಣ್ಣೊರೆಸಿಕೊಂಡ ಕರವಸ್ತ್ರವೇ ಹೊರಗೆ ಬಂದಾಗ ಮೂಗಿಗೆ ಹೋಗುತ್ತಿತ್ತು. ಅವರೇನು ಕೆಟ್ಟವರಲ್ಲ. ಅವನ ಮುಂದೆ ಚಿಲ್ಲರೆ ಹಾಕಿಯೇ ಹೋಗುತ್ತಿದ್ದರು. ಸ್ವಲ್ಪ ದೂರದಿಂದ ಹಾಕುತ್ತಿದ್ದರು, ಅಷ್ಟೆ.

ಮೇಣದಕ್ಕನಿಗೂ ಹೇಸಿಗೆಯಾಗದೆ ಇರಲಿಲ್ಲ. ಮೊದಲ ದಿನ ಬಿಸಿನೀರು ತಂದು ಆ ಕಾಲನ್ನು ತೊಳೆಯಲು ಹೋದವಳು ಅರ್ಧಕ್ಕೇ ಎದ್ದು ಕೋಣೆಯ ಹಿಂದೆ ಓಡಿ ಕಾರಿಕೊಂಡಳು. ಬಾಯಿ ಮುಕ್ಕಳಿಸಿ ಮತ್ತೆ ಬಂದು ಕೂತಳು. "ನೋಡು, ನಿನಗೂ ಬೇಡವಾಯ್ತು" ಎಂದ ಪಾಲಿಶ್. "ಬಾಯ್ಮುಚ್ಚು" ಎಂದು ಅವಳು ಉಳಿದ ಅರ್ಧವನ್ನೂ ತೊಳೆದಳು. ಹುಣ್ಣಿನೊಳಗೆ ಬಿಳಿಯದೇನೋ ಕಂಡಿತು. ಅದು ಮೂಳೆ ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಫಾದರ್ ಒಳ್ಳೆಯವರು. ತಕ್ಷಣ ಚರ್ಚಿನ ವ್ಯಾನು ಕೊಟ್ಟರು. ಆದರೆ ವ್ಯಾನು ಆಸ್ಪತ್ರೆಯ ಬಾಗಿಲವರೆಗೆ ಒಯ್ಯಬಲ್ಲದು, ಒಳಗೆ ಸೇರಿಸಲಾರದು. ಅಲ್ಲಿ ಕೂತಿದ್ದ ನರ್ಸಮ್ಮ ತಲೆ ಎತ್ತದೆ ಕೇಳಿದಳು.

"ಜೊತೆಗೆ ಯಾರಿದ್ದಾರೆ?"

"ನಾನು ಕರ್ಕೊಂಡು ಬಂದಿದ್ದೀನಿ."

"ಕರ್ಕೊಂಡು ಬಂದೋರು ಬೇಡಮ್ಮ, ಮನೆಯೋರು ಬೇಕು. ಕಾಲು ತೆಗೀಬೇಕಾಗುತ್ತೆ, ಒಪ್ಪಿಗೆ ಯಾರು ಕೊಡ್ತಾರೆ? ಆಮೇಲೆ ನೋಡ್ಕೊಳ್ಳೋರು ಯಾರು? ಬಿಟ್ಟು ಓಡಿಹೋಗೋರನ್ನ ಸಾಕಷ್ಟು ನೋಡಿದ್ದೀನಿ. ನೀವು ಇವರಿಗೆ ಏನಾಗ್ಬೇಕು?"

ಸ್ಟ್ರೆಚರಿನ ಮೇಲೆ ಪಾಲಿಶ್ ಜ್ವರದಲ್ಲಿ ನಡುಗುತ್ತಿದ್ದ. ಹಿಂದೆ ಸಾಲು ಬೆಳೆಯುತ್ತಿತ್ತು.

"ತಂಗಿ" ಎಂದಳು ಮೇಣದಕ್ಕ. "ಇವನು ನಮ್ಮಣ್ಣ."

ಎಂದೂ ಬಳಸದ ಮಾತು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು ಅವಳಿಗೇ ಆಶ್ಚರ್ಯ. ಪಾಲಿಶ್ ಕಣ್ಣು ಅರೆತೆರೆದು ನೋಡಿದ. "ಇಷ್ಟು ವರ್ಷ ಅಕ್ಕ ಆಗಿದ್ದೋಳು ಒಂದೇ ಗಳಿಗೇಲಿ ತಂಗಿ ಆಗ್ಬಿಟ್ಯಾ? ವಯಸ್ಸು ಎಲ್ಲಿ ಬಿಟ್ಟು ಬಂದೆ?" ಎಂದ. ಜ್ವರದ ಬಡಬಡಿಕೆ ಎಂದುಕೊಂಡು ನರ್ಸಮ್ಮ ಅವನನ್ನು ಒಳಗೆ ತಳ್ಳಿಸಿದಳು.

ಮೊಣಕಾಲಿನ ಕೆಳಗೆ ಕಾಲು ತೆಗೆದರು. ಬೂಟಿಗೆ ಪಾಲಿಶ್ ಹಾಕಿಯೇ ಬದುಕಿದವನು ಎಚ್ಚರವಾದ ಮೇಲೆ ಹೊದಿಕೆಯಡಿ ಚಪ್ಪಟೆಯಾಗಿದ್ದ ಜಾಗವನ್ನು ನೋಡುತ್ತ, "ಇನ್ಮೇಲೆ ಅರ್ಧ ರೇಟು" ಎಂದ. ಅಕ್ಕಪಕ್ಕದ ರೋಗಿಗಳು ನಕ್ಕರು. ಮೇಣದಕ್ಕ ಮುಖ ತಿರುಗಿಸಿ ಅತ್ತಳು.

ಬೆಳಗಿನ ಪೂಜೆಯ ಮೇಣ ಕೆರೆದಿಟ್ಟು ಅವಳು ಆಸ್ಪತ್ರೆಗೆ ಹೋಗುವಳು. ಮೈ ಒರೆಸಿ, ಗಂಜಿ ಕುಡಿಸಿ, ಸಂಜೆ ಮರಳುವಳು. ವಾರ್ಡಿನಲ್ಲಿ ಎಲ್ಲರೂ "ನಿಮ್ಮಣ್ಣ ಮಲಗಿದ್ದಾರೆ", "ನಿಮ್ಮಣ್ಣ ಔಷಧಿ ಉಗುಳ್ತಾರೆ, ಸ್ವಲ್ಪ ಹೇಳಿ" ಎನ್ನುತ್ತಿದ್ದರು. ಅವಳು ಹುಸಿಮುನಿಸಿನಿಂದ "ಏನಣ್ಣಾ ಇದು, ಚಿಕ್ಕ ಮಗೂನಾ ನೀನು?" ಎನ್ನುವಳು. ಮೊದಮೊದಲು ಇದೊಂದು ನಾಟಕ. ಆಮೇಲಾಮೇಲೆ ಅದು ನಾಟಕವೆಂಬುದು ಇಬ್ಬರಿಗೂ ಮರೆತಿತ್ತು. ಒಂದು ದಿನ ಅವನು ತನ್ನ ಪಾಲಿನ ಬ್ರೆಡ್ಡಿನಲ್ಲಿ ಅರ್ಧ ಎತ್ತಿಟ್ಟು, "ಬೆಳಗಿಂದ ಏನೂ ತಿಂದಿಲ್ಲ ಅನ್ಸುತ್ತೆ, ತಿನ್ನು" ಎಂದು ಗದರಿದ. ಯಾರೋ ತನ್ನನ್ನು ಹೀಗೆ ಗದರಿ ತಿನ್ನಿಸಿದ್ದು ಆ ವಯಸ್ಸಿನಲ್ಲಿ ಅವಳಿಗೆ ಮೊದಲ ಸಲ. ಒಣ ಬ್ರೆಡ್ಡನ್ನು ಒಂದು ಚೂರೂ ಬಿಡದೆ ತಿಂದಳು. ಮನೆಗೆ ಬಂದು ಗಂಡನಿಗೆ ಹೇಳಿದರೆ ಅವನು "ಓಹೋ, ಮುದುಕಿ ಆಗೋ ಹೊತ್ತಿಗೆ ತವರುಮನೆ ಸಿಕ್ತು ನಿನಗೆ. ನನ್ನ ಗತಿ ಮುಗೀತು" ಎಂದ.

ಆ ಸುಖದಲ್ಲೇ ಅವಳು ಎಡವಿದಳು.

ಒಂದು ಮಧ್ಯಾಹ್ನ ಬಿಳಿ ಸೀರೆಯ ಸಿಸ್ಟರ್ ಒಬ್ಬರು ಹಾಸಿಗೆಯಿಂದ ಹಾಸಿಗೆಗೆ ಮಾತನಾಡಿಸುತ್ತ ಬಂದರು. ಮೇಣದಕ್ಕ ಅವರನ್ನು ಆಸ್ಪತ್ರೆಯವರೇ ಎಂದುಕೊಂಡಳು. ಸಿಸ್ಟರ್ ಪಾಲಿಶನ ಹಣೆ ಮುಟ್ಟಿ ನೋಡಿ, ಅವಳ ಕೈಯ ಚಮಚೆ ನೋಡಿ, "ನೀವು ಇವರಿಗೆ ಏನಾಗ್ಬೇಕಮ್ಮ?" ಎಂದು ಕೇಳಿದರು.

ಪಕ್ಕದಲ್ಲೇ ಅದೇ ನರ್ಸಮ್ಮ ನಿಂತಿದ್ದಳು. ನಿಜ ಹೇಳಿದರೆ ಅವಳೆದುರು ಸುಳ್ಳುಗಾರ್ತಿಯಾಗಬೇಕು ಎಂಬುದೊಂದು ಭಯ. ಆದರೆ ಅದಕ್ಕಿಂತ ಹೆಚ್ಚಾಗಿ, ನಿಜ ಹೇಳುವ ಮನಸ್ಸೇ ಆಗಲಿಲ್ಲ. "ತಂಗಿ ಸಿಸ್ಟರ್. ನಮ್ಮಣ್ಣ ಇವನು" ಎಂದಳು, ತುಸು ಹೆಮ್ಮೆಯಿಂದಲೇ.

"ಪುಣ್ಯವಂತರು" ಎಂದು ಸಿಸ್ಟರ್ ಇಬ್ಬರನ್ನೂ ನೋಡಿ ನಕ್ಕು ಮುಂದಿನ ಹಾಸಿಗೆಗೆ ಹೋದರು. ಅಲ್ಲಿ ಕಣ್ಣು ಕಾಣದ ಒಬ್ಬ ಗೋಡೆಗೆ ಮುಖ ಮಾಡಿ ಮಲಗಿದ್ದ. ಮರುದಿನ ಅವನ ಹಾಸಿಗೆ ಖಾಲಿಯಿತ್ತು. ಸಿಸ್ಟರುಗಳ ಆಶ್ರಮದ ಗಾಡಿ ಬಂದು ಅವನನ್ನು ಕರೆದೊಯ್ದಿತೆಂದೂ, ಯಾರೂ ಇಲ್ಲದವರನ್ನು ಹುಡುಕಿ ಸಾಯುವವರೆಗೆ ನೋಡಿಕೊಳ್ಳುವ ಜಾಗ ಅದೆಂದೂ, ಅಲ್ಲಿ ಒಂದು ಹಾಸಿಗೆ ತೆರವಾಗಿದ್ದರಿಂದಲೇ ಸಿಸ್ಟರ್ ಬಂದದ್ದೆಂದೂ ಕಸ ಗುಡಿಸುವವಳು ಹೇಳಿದಳು. ತಂಗಿಯಾಗದೆ ಇದ್ದಿದ್ದರೆ ಆಸ್ಪತ್ರೆ ಅವನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ತಂಗಿಯಾದ್ದರಿಂದ ಆಶ್ರಮ ಅವನನ್ನು ಸೇರಿಸಿಕೊಳ್ಳಲಿಲ್ಲ. ಲೋಕದ ಧರ್ಮಕಾರ್ಯಗಳಿಗೆ ಬಾಗಿಲುಗಳೇನೋ ಇವೆ, ಒಂದರ ಕೀಲಿ ಇನ್ನೊಂದಕ್ಕೆ ಆಗಿಬರುವುದಿಲ್ಲ.

ಆ ವಾರವೇ ಆಸ್ಪತ್ರೆಯವರು ಡಿಸ್ಚಾರ್ಜ್ ಎಂದರು. "ಇನ್ನು ಮನೇಲೇ ಡ್ರೆಸ್ಸಿಂಗ್ ಮಾಡಿಸ್ಕೊಳ್ಳಿ. ತಂಗಿ ಇದ್ದಾರಲ್ಲ." ಮೆಟ್ಟಿಲ ಮೇಲೆ ಬಿಡುವ ಮಾತೇ ಇರಲಿಲ್ಲ, ಹಸಿಗಾಯಕ್ಕೆ ಬೀದಿಯ ಧೂಳು ತಾಗಿದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅವಳು ಅವನನ್ನು ಮನೆಗೆ ಕರೆತಂದಳು.

ಮನೆಯೆಂದರೆ ಕಡಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಒಂದು ಕೋಣೆ, ಒಂದು ಅಡುಗೆಮನೆ. ಮುಂದಿನ ಕೋಣೆಯ ತುಂಬ ಗಂಡನ ಬೀಗಗಳು, ಅರಗಳು, ಕೀಲಿಗೊಂಚಲುಗಳು. ಅವನ್ನು ಒಂದು ಮೂಲೆಗೆ ತಳ್ಳಿ ಚಾಪೆ ಹಾಸಿದರು. ಪಾಯಿಖಾನೆ ಕೆಳಗೆ, ಇಡೀ ವಠಾರಕ್ಕೆ ಒಂದೇ. ಗೊಣಗುತ್ತ ಗೊಣಗುತ್ತ ಬೀಗದವನೇ ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸುವನು, ಮತ್ತೆ ಹೊತ್ತು ಹತ್ತುವನು. "ನನ್ನ ಮದುವೇಲಿ ಮೆರವಣಿಗೆ ಇರ್ಲಿಲ್ಲ. ಅದನ್ನ ಈಗ ತೀರಿಸ್ಕೋತಾ ಇದ್ದಾನೆ ನಿನ್ನಣ್ಣ" ಎನ್ನುವನು. "ಸರಿಯಾಗಿ ಹಿಡ್ಕೊಳ್ಳಯ್ಯಾ, ಬೀಗ ಅಲ್ಲ ನಾನು" ಎಂದು ಬೆನ್ನ ಮೇಲಿನಿಂದ ಉತ್ತರ ಬರುವುದು. ಆ ಕೆಲವು ದಿನ ಆ ಮನೆಯಲ್ಲಿ ನಗು ಇತ್ತು. ಇದನ್ನು ಹೇಳದೆ ಹೋದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಒಂದು ಬೆಳಿಗ್ಗೆ ನಡುಮೆಟ್ಟಿಲಲ್ಲಿ ಬೀಗದವನ ಸೊಂಟ ಹಿಡಿದುಕೊಂಡಿತು. ಅಲ್ಲೇ ಕುಸಿದು ಕೂತ. ಪಾಲಿಶ್ ಉರುಳಿಬಿದ್ದು ಕಾಲಿನ ಹೊಲಿಗೆ ಬಿಚ್ಚಿತು. ಕೆಳಗಿನ ಮನೆಯವರೆಲ್ಲ ಓಡಿಬಂದು ಇಬ್ಬರನ್ನೂ ಎತ್ತಿದರು. ಆ ಗದ್ದಲದಲ್ಲೇ ಮನೆಯ ಮಾಲೀಕನೂ ಬಂದ. ಬೈಯಲಿಲ್ಲ, ಬೈದಿದ್ದರೆ ಎದುರು ಮಾತಾಡಬಹುದಿತ್ತು. "ನಾನೂ ಮನುಷ್ಯನೇ ಅಕ್ಕ. ಆದ್ರೆ ವಾಸನೆ ಅಂತ ಎಲ್ರೂ ನನ್ನ ಹತ್ರ ಬರ್ತಾರೆ. ಎಳೇ ಮಕ್ಕಳಿರೋ ಮನೆಗಳು. ಒಂದೆರಡು ದಿನದಲ್ಲಿ ಏನಾದ್ರೂ ಏರ್ಪಾಡು ಮಾಡ್ಕೊಳ್ಳಿ" ಎಂದ. ಬೀಗದವನು ಮಲಗಿದಲ್ಲಿಂದ ಏಳುವಂತಿರಲಿಲ್ಲ. ಮೇಣದಕ್ಕ ಒಬ್ಬಳೇ ಇಬ್ಬರು ಗಂಡಸರ ಮಲಮೂತ್ರ ಬಳಿದಳು. ಗಾಯ ಮತ್ತೆ ಕೀವಾಯಿತು.

ಅವಳು ಆಶ್ರಮಕ್ಕೆ ಹೋಗಿ ಸಿಸ್ಟರ ಮುಂದೆ ಕೂತು ಎಲ್ಲ ಬಿಚ್ಚಿ ಹೇಳಿದಳು. ಅವನು ತನ್ನಣ್ಣನಲ್ಲ, ತನಗೇನೂ ಆಗಬೇಕಾದವನಲ್ಲ, ಆಸ್ಪತ್ರೆಗೆ ಸೇರಿಸಲೆಂದು ಹಾಗೆ ಹೇಳಿದ್ದು. ಸಿಸ್ಟರ್ ತಾಳ್ಮೆಯಿಂದ ಕೇಳಿಸಿಕೊಂಡರು.

"ಅಮ್ಮಾ, ತಪ್ಪು ತಿಳೀಬೇಡಿ. ವಾರಕ್ಕೊಬ್ರು ಇಲ್ಲಿ ಬಂದು ಹೀಗೇ ಹೇಳ್ತಾರೆ. ಹೆತ್ತ ತಂದೇನ ಕೂರಿಸಿ, ದಾರೀಲಿ ಸಿಕ್ಕಿದ ಅಂತಾರೆ. ಅತ್ತೇನ ಬಿಟ್ಟು, ಯಾರೋ ಗೊತ್ತಿಲ್ಲ ಅಂತಾರೆ. ಅವರನ್ನೆಲ್ಲ ತಗೊಂಡ್ರೆ, ನಿಜವಾಗಿ ಯಾರೂ ಇಲ್ದೋರಿಗೆ ಜಾಗ ಎಲ್ಲಿ? ನೀವು ಅವರಿಗೆ ಉಣ್ಣಿಸ್ತಿದ್ದುದನ್ನ ನನ್ನ ಕಣ್ಣಾರೆ ನೋಡಿದ್ದೀನಿ. ಹೊರಗಿನೋರು ಹಾಗೆ ಉಣ್ಣಿಸ್ತಾರಾ?"

ಪ್ರೀತಿಯೇ ಸಾಕ್ಷಿಯಾಗಿ ಅವಳ ವಿರುದ್ಧ ನಿಂತಿತ್ತು. ಅವಳ ಪರವಾಗಿ ಫಾದರ್ ಸಿಸ್ಟರಿಗೆ ಫೋನ್ ಮಾಡಿ ಹೇಳಿದರು. ತಮಗೆ ಫೋನ್ ಮಾಡುವ ಪ್ರತಿ ಫಾದರ ಎದುರೂ ಯಾರೋ ಒಬ್ಬರು ಅಳುತ್ತ ಕೂತಿರುತ್ತಾರೆ ಎಂದು ಸಿಸ್ಟರ್ ಮೆತ್ತಗೆ ಹೇಳಿದರಂತೆ. ಕೊನೆಗೆ, ಅವನನ್ನು ಕರೆತನ್ನಿ, ಇಬ್ಬರನ್ನೂ ಎದುರುಬದುರು ಕೇಳುತ್ತೇನೆ ಎಂದರಂತೆ.

ಚರ್ಚಿನ ವ್ಯಾನಿನಲ್ಲಿ ಹೋದರು. ಆಶ್ರಮದಲ್ಲಿ ತೊಳೆದ ನೆಲ, ಸಾಲು ಮಂಚ, ಬಿಳಿ ಹಾಸಿಗೆ. ಒಂದು ಕಿಟಕಿಯ ಪಕ್ಕದ ಮಂಚ ಖಾಲಿಯಿತ್ತು. ಗಾಲಿಕುರ್ಚಿಯಲ್ಲಿ ಅವನನ್ನು ಕೂರಿಸಿದರು. ಸಿಸ್ಟರ್ ಅವಳತ್ತ ತಿರುಗಿ, "ಇವರ ಎದುರಿಗೇ ಹೇಳಿಮ್ಮ. ಇವರು ನಿಮಗೆ ಏನಾಗ್ಬೇಕು?" ಎಂದರು.

ಮೇಣದಕ್ಕ ನೆಲ ನೋಡಿದಳು. ಆ ಮಂಚ ಬೇಕಾಗಿತ್ತು. ಅದಕ್ಕಾಗಿಯೇ ಬಂದದ್ದು. "ಏನೂ ಆಗ್ಬೇಕಿಲ್ಲ" ಎಂದಳು. ತಲೆ ಎತ್ತಿ ಮತ್ತೆ ಹೇಳಿದಳು. "ನನಗೆ ಇವರು ಏನೂ ಆಗ್ಬೇಕಿಲ್ಲ ಸಿಸ್ಟರ್. ಚರ್ಚಿನ ಮೆಟ್ಟಿಲ ಮೇಲೆ ಕೂತಿದ್ರು. ಅಷ್ಟೇ ಗೊತ್ತು."

"ನೀವೇನಂತೀರಾ ಅಪ್ಪ?"

ಪಾಲಿಶ್ ಅವಳನ್ನು ನೋಡಿದ. "ಈ ಹೆಂಗಸು ಯಾರೋ ನಂಗೊತ್ತಿಲ್ಲ" ಎಂದ. "ನಂಗೆ ಯಾರೂ ಇಲ್ಲ."

ಅದನ್ನು ಅವನು ಮಂಚಕ್ಕಾಗಿ ಹೇಳಿದನೋ, ನೊಂದು ಹೇಳಿದನೋ ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ. ಅವನನ್ನು ಕಿಟಕಿಯ ಪಕ್ಕದ ಮಂಚಕ್ಕೆ ಒಯ್ದರು. ಹೋಗುವಾಗ ಅವನು ಹಿಂತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಸಿಸ್ಟರ್, "ನೋಡೋಕೆ ಅಂತ ಬರ್ತಾ ಇರ್ಬೇಡಿಮ್ಮ. ಬರೋರು ಇದ್ದಾರೆ ಅಂದ್ರೆ ಮೇಲಿನೋರು ಕೇಳ್ತಾರೆ, ಮನೆಗೆ ಕಳಿಸಿ ಅಂತಾರೆ" ಎಂದರು. ಅವರ ದನಿಯಲ್ಲಿ ಕಠಿಣತೆ ಇರಲಿಲ್ಲ. ಅವಳು ಹೇಳಿದ್ದನ್ನು ಅವರು ಪೂರ್ತಿ ನಂಬಿಯೂ ಇರಲಿಲ್ಲ, ಸಂಶಯದ ಲಾಭ ಕೊಟ್ಟಿದ್ದರು.

ಅವಳು ಹೋಗಲಿಲ್ಲ. ಹೋಗಬೇಕೆನಿಸಿದಾಗಲೆಲ್ಲ ಆ ಮಂಚವನ್ನು ನೆನೆದು ಕಾಲು ಕಟ್ಟಿಕೊಂಡಳು. ಬಿಸಿಲು ಬರುವ ಕಿಟಕಿ, ದಿನಾ ಡ್ರೆಸ್ಸಿಂಗ್, ಹೊತ್ತು ಹೊತ್ತಿಗೆ ಅನ್ನ. ತಾನು ಒಂದು ಸಲ ಇಣುಕಿದರೆ ಇದೆಲ್ಲ ಹೋಗುತ್ತದೆ. ಸೊಂಟ ಸುಧಾರಿಸಿದ ಮೇಲೆ ಬೀಗದವನು, "ನಾನು ಹೋಗಿ ಬರ್ಲಾ? ನನ್ನನ್ನ ಯಾರೂ ನೋಡಿಲ್ಲ. ಬೀಗ ರಿಪೇರಿ ಅಂತ ಒಳಗೆ ಹೋಗ್ತೀನಿ" ಎಂದ. ಅದನ್ನೂ ಬೇಡವೆಂದಳು. ಚರ್ಚಿನಲ್ಲಿ ಮೇಣ ಕೆರೆಯುವಾಗ ಪ್ರಾರ್ಥನೆ ಬಾಯಿಗೆ ಬರುತ್ತಿರಲಿಲ್ಲ. ಸ್ವಾಮಿಯ ಮೇಲೆ ಸಿಟ್ಟೇನೂ ಇರಲಿಲ್ಲ. ಏನು ಕೇಳಬೇಕೋ ತಿಳಿಯುತ್ತಿರಲಿಲ್ಲ, ಅಷ್ಟೆ. ಆಸ್ಪತ್ರೆ ಕೇಳಿದ್ದಳು, ಸಿಕ್ಕಿತು. ಹಾಸಿಗೆ ಕೇಳಿದ್ದಳು, ಸಿಕ್ಕಿತು.

ತಡೆಯಲಾರದೆ ಅವಳು ಹೋದ ದಿನ ಆ ಮಂಚದ ಮೇಲೆ ಬೇರೆ ಯಾರೋ ಇದ್ದರು.

ಸಿಸ್ಟರ್ ಅವಳನ್ನು ಗುರುತು ಹಿಡಿದು ಒಳಗೆ ಕರೆದು ಕೂರಿಸಿ ನೀರು ಕೊಟ್ಟರು. ನಂಜು ಮೇಲೇರಿತ್ತಂತೆ. ಕಷ್ಟಪಡಲಿಲ್ಲವಂತೆ. ಕೊನೆಗೆ ಬಾಯಿಗೆ ನೀರು ಬಿಟ್ಟವರು ತಾವೇ ಅಂತೆ.

"ಮಣ್ಣು ಎಲ್ಲಿ ಮಾಡಿದ್ರಿ?" ಎಂದಳು ಮೇಣದಕ್ಕ.

"ಯಾರೂ ಇಲ್ದೋರ ದೇಹಾನ ಮೆಡಿಕಲ್ ಕಾಲೇಜಿಗೆ ಕೊಡ್ತೀವಿಮ್ಮ. ಮಕ್ಕಳು ಓದೋಕೆ. ಅದೂ ಒಂದು ಸೇವೆನೇ."

"ನನಗೆ ಹೇಳಿ ಕಳಿಸ್ಬೋದಿತ್ತಲ್ಲ ಸಿಸ್ಟರ್."

"ಏನಂತ ಹೇಳಿ ಕಳಿಸ್ಲಿ?" ಎಂದರು ಸಿಸ್ಟರ್. ಅವರ ಕಣ್ಣಲ್ಲೂ ನೀರಿತ್ತು. "ಏನೂ ಆಗ್ಬೇಕಿಲ್ಲ ಅಂತ ನೀವೇ ಹೇಳಿದ್ರಲ್ಲಮ್ಮ."

ಮರುದಿನ ಗಂಡ ಹೆಂಡತಿ ಇಬ್ಬರೂ ಕಾಲೇಜಿಗೆ ಹೋದರು. ಬೀಗದವನು ಮದುವೆ ಮುಂಜಿಗೆ ಹಾಕುವ ಅಂಗಿ ಹಾಕಿಕೊಂಡಿದ್ದ. ಕಟ್ಟಡದ ಹಿಂಭಾಗದಲ್ಲಿ ಕಬ್ಬಿಣದ ಗೇಟು. ಅದರಾಚೆ ಕೈಗೆ ರಬ್ಬರಿನ ಗವಸು ಹಾಕಿಕೊಂಡ ಒಬ್ಬ ಕೆಲಸದವನು ಗಾಜಿನ ಜಾಡಿ ತೊಳೆಯುತ್ತಿದ್ದ. ಇವರು ಹೇಳಿದ್ದನ್ನು ಕೇಳಿ ಎದ್ದು ಬಂದ.

"ಆಶ್ರಮದೋರು ಯಾರೂ ಇಲ್ಲ ಅಂತ ಕೊಟ್ಟಿದ್ದಾರೆ. ಒಳಗೆ ಹೋದ ಮೇಲೆ ವಾಪಸ್ ಬರೋದಿಲ್ಲ. ನೀವು ಯಾರು?"

ಒಂದೇ ಮಾತನ್ನು ಎರಡು ಬಗೆಯಲ್ಲಿ ಹೇಳಿ ಮೇಣದಕ್ಕನ ನಾಲಿಗೆ ಸೋತಿತ್ತು.

"ನಮ್ಮ ಭಾವ" ಎಂದ ಬೀಗದವನು. "ಇವಳ ಅಣ್ಣ. ಒಡಹುಟ್ಟಿದೋನು. ನನ್ನ ಬೆನ್ನ ಮೇಲೆ ಹೊತ್ತಿದ್ದೀನಿ ಅವನನ್ನ."

ಆ ಕೆಲಸದವನು ಕೆಟ್ಟವನಲ್ಲ. ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಇಷ್ಟೆಲ್ಲ ಇರೋರು, ಅವನು ಇದ್ದಾಗ ಎಲ್ಲಿ ಹೋಗಿದ್ರಿ?" ಎಂದ.

ಬೀಗದವನು ಅಂಗಿಯ ಗುಂಡಿ ತಿರುವುತ್ತ ನಿಂತ. ಕೆಲಸದವನು ತಲೆಯಾಡಿಸಿ, ಗೇಟಿಗೆ ಚಿಲಕ ಹಾಕಿಕೊಂಡು ಒಳಗೆ ಹೋದ. ಅವನು ಹೋದ ಮೇಲೆ ಮೇಣದಕ್ಕ ಗೇಟಿನ ಸರಳು ಹಿಡಿದುಕೊಂಡು, "ಅಣ್ಣ ಕಣ್ರೀ. ನಮ್ಮಣ್ಣ" ಎಂದಳು. ಕೇಳಿಸಿಕೊಳ್ಳಲು ಅಲ್ಲಿ ಗಂಡ ಮಾತ್ರ ಇದ್ದ.